ದುಂಡು ಮೂಲೆ ಯಾರದ್ದು?

ಅಮೆರಿಕದ ವಿನ್ಯಾಸ ಪೇಟೆಂಟನ್ನು ಒಂದು ಪಠ್ಯವಾಗಿ ಓದಿದವರು ಕಡಿಮೆ. ಅದರಲ್ಲಿ ಮಾತಿಗಿಂತ ಚಿತ್ರವೇ ಹೆಚ್ಚು. ಹಕ್ಕು ಸಾರುವ ವಾಕ್ಯ ಒಂದೇ. ಚಿತ್ರದಲ್ಲಿ ಕಾಣುವ ಅಲಂಕಾರಿಕ ರೂಪ ನಮ್ಮದು ಎಂಬಷ್ಟೇ ಅದರ ಸಾರ. ಇಡೀ ಗೆರೆಯಲ್ಲಿ ಬರೆದದ್ದು ಹಕ್ಕಿಗೆ ಸೇರಿದ್ದು, ಮುರಿದ ಗೆರೆಯಲ್ಲಿ ಬರೆದದ್ದು ಅದರ ಹೊರಗಿನದು. ಆಪಲ್ ಕಂಪನಿ ಹೀಗೆ ತನ್ನದೆಂದು ಸಾರಿದ್ದರಲ್ಲಿ ದುಂಡು ಮೂಲೆಯ ಕಪ್ಪು ಆಯತವೊಂದಿತ್ತು, ಕಪ್ಪು ಪರದೆಯ ಮೇಲೆ ಸಾಲಾಗಿ ಜೋಡಿಸಿದ 16 ಬಣ್ಣದ ಗುರುತುಗಳಿದ್ದವು.

ಇವುಗಳನ್ನೂ ಇನ್ನು ಕೆಲವು ಪೇಟೆಂಟುಗಳನ್ನೂ ಮುಂದಿಟ್ಟುಕೊಂಡು ಆಪಲ್ 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಯಾಮ್‌ಸಂಗ್ ವಿರುದ್ಧ ದಾವೆ ಹೂಡಿತು. ಮರುವರ್ಷ ಆಗಸ್ಟಿನಲ್ಲಿ ಜ್ಯೂರಿ ಸುಮಾರು 105 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಆಪಲ್‌ನ ದೂರು ಪೊಳ್ಳಾಗಿರಲಿಲ್ಲ. ತಮ್ಮ ಫೋನನ್ನು ಐಫೋನಿನ ಪಕ್ಕಕ್ಕಿಟ್ಟು, ಎಲ್ಲೆಲ್ಲಿ ಸುಧಾರಿಸಬೇಕೆಂದು ಸ್ಯಾಮ್‌ಸಂಗ್‌ನವರೇ ಬರೆದುಕೊಂಡ 132 ಪುಟಗಳ ಆಂತರಿಕ ವರದಿ ನ್ಯಾಯಾಲಯದ ಮುಂದೆ ಬಂದಿತ್ತು. ನೋಡಿ ಬರೆದದ್ದು ಹೌದು. ಅದಕ್ಕೆ ಎಷ್ಟು ದಂಡ, ಯಾವ ತರ್ಕದ ಮೇಲೆ ಎಂಬುದು ಪ್ರಶ್ನೆ.

ಆ ತರ್ಕ ಹಳೆಯದು. 1871ರಲ್ಲಿ ಚಮಚ, ಫೋರ್ಕುಗಳ ಹಿಡಿಯ ಕುಸುರಿಯನ್ನು ಕುರಿತ ಗೋರ್‌ಹ್ಯಾಮ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದು ಅಳತೆಗೋಲು ಕೊಟ್ಟಿತು: ಸಾಮಾನ್ಯ ಕೊಳ್ಳುಗ ಒಂದನ್ನು ಇನ್ನೊಂದೆಂದು ತಿಳಿದು ಮೋಸಹೋಗುವಷ್ಟು ಹೋಲಿಕೆಯಿದ್ದರೆ ಅದು ಹಕ್ಕಿನ ಉಲ್ಲಂಘನೆ. 1887ರ ಕಾಯ್ದೆ ಇನ್ನೂ ಮುಂದೆ ಹೋಗಿ, ಅಂಥ ವಸ್ತುವಿನಿಂದ ಬಂದ ಲಾಭವನ್ನೆಲ್ಲ ಒಪ್ಪಿಸಬೇಕೆಂದಿತು. ಅದರ ಹಿನ್ನೆಲೆಯಲ್ಲಿದ್ದದ್ದು ಜಮಖಾನೆಗಳ ವ್ಯಾಜ್ಯ. ಜಮಖಾನೆಯನ್ನು ಜನ ಚಿತ್ತಾರ ನೋಡಿಯೇ ಕೊಳ್ಳುತ್ತಾರೆ. ಅಲ್ಲಿ ಈ ಲೆಕ್ಕಕ್ಕೆ ಅರ್ಥವಿತ್ತು. ಎಷ್ಟೋ ತಂತ್ರಗಳು ಒಳಗಿರುವ ಫೋನಿಗೂ ಅದೇ ಲೆಕ್ಕವೇ? 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಲಾಭದ ಲೆಕ್ಕ ಹಾಕುವ ‘ವಸ್ತು’ ಇಡೀ ಫೋನೇ ಆಗಬೇಕಿಲ್ಲ, ಅದರ ಒಂದು ಭಾಗವೂ ಆಗಬಹುದು ಎಂದು ಒಮ್ಮತದಿಂದ ಹೇಳಿತು. ಆದರೆ ಯಾವ ಭಾಗ ಎಂದು ಹೇಳಲಿಲ್ಲ. 2018ರಲ್ಲಿ ಮತ್ತೊಂದು ಜ್ಯೂರಿ ಸುಮಾರು 54 ಕೋಟಿ ಡಾಲರ್ ಎಂದಿತು. ಆಮೇಲೆ ಎರಡೂ ಕಂಪನಿಗಳು ರಾಜಿಯಾದವು.

ವಿಮರ್ಶೆಗೆ ಇಲ್ಲೊಂದು ಕೆಲಸವಿದೆ. ಈ ಕಥನದಲ್ಲಿ ಕೊಳ್ಳುಗ ಎರಡು ವೇಷ ಹಾಕುತ್ತಾನೆ. ಪೇಟೆಂಟಿನ ಕಥೆಯಲ್ಲಿ ಅವನು ಮೇಲ್ನೋಟದ ಹೋಲಿಕೆಗೇ ಮೋಸಹೋಗುವ ಅಮಾಯಕ. ಜಾಹೀರಾತಿನ ಕಥೆಯಲ್ಲಿ ಅವನೇ ತನ್ನ ಬ್ರ್ಯಾಂಡು ಬಿಟ್ಟು ಇನ್ನೊಂದನ್ನು ಮುಟ್ಟದ ನಿಷ್ಠಾವಂತ. ಎರಡೂ ಒಟ್ಟಿಗೆ ನಿಜವಾಗುವುದು ಕಷ್ಟ. ಅವನದು ಗುಣ ಬಲ್ಲ ನಿಷ್ಠೆಯಾದರೆ ಅವನು ಹೊರರೂಪಕ್ಕೆ ಮರುಳಾಗಲಾರ. ಮರುಳಾಗುವವನಾದರೆ ಅವನ ನಿಷ್ಠೆಯೆಲ್ಲ ಆ ಹೊರರೂಪಕ್ಕೇ. 2012ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಟ್ಯಾಬ್ಲೆಟ್ ವ್ಯಾಜ್ಯ ಈ ಬಿರುಕನ್ನು ತೋರಿಸಿತು. ಅಲ್ಲಿನ ಕಾನೂನು ಕಲ್ಪಿಸುವ ಬಳಕೆದಾರ ವಿಷಯ ತಿಳಿದವನು. ಗ್ಯಾಲಕ್ಸಿ ಟ್ಯಾಬ್ಲೆಟ್ಟಿಗೆ ಆಪಲ್ ವಿನ್ಯಾಸದ ಸರಳತೆಯಾಗಲಿ ಸೊಗಸಾಗಲಿ ಇಲ್ಲ, ಹಾಗಾಗಿ ಉಲ್ಲಂಘನೆಯೂ ಇಲ್ಲ ಎಂದರು ನ್ಯಾಯಾಧೀಶ ಕಾಲಿನ್ ಬರ್ಸ್. ಹೊಗಳಿಸಿಕೊಂಡ ಆಪಲ್ ಸೋತಿತು.

ಇನ್ನು ಹೊರರೂಪದ ಒಳಗೆ ಏನಿತ್ತು? ದಾವೆ ಹೂಡಿದ ದಿನಗಳಲ್ಲೇ ಐಫೋನಿನ ಮುಖ್ಯ ಚಿಪ್ಪನ್ನು ತಯಾರಿಸಿ ಕೊಡುತ್ತಿದ್ದದ್ದು ಸ್ಯಾಮ್‌ಸಂಗ್. 2017ರ ಐಫೋನ್ ಟೆನ್‌ನ ಪರದೆಯೂ ಅದರದ್ದೇ. ಎರಡು ಪಂಗಡಗಳಾಗಿ ಕಾದಾಡುವ ಅಭಿಮಾನಿಗಳ ಕಿವಿಗೆ ಈ ಸಂಗತಿ ಬೀಳುವುದು ಅಪರೂಪ. ಕಂಪನಿಗಳು ಕೋರ್ಟಿನಲ್ಲಿ ಜಗಳವಾಡುತ್ತಲೇ ವ್ಯಾಪಾರ ಮುಂದುವರಿಸಿದವು. ನಿಷ್ಠೆಯನ್ನು ಬಿಡದೆ ಪಾಲಿಸಿದವನು ಕೊಳ್ಳುಗನೊಬ್ಬನೇ.

ಕನ್ನಡದ ಓದುಗರಿಗೆ ಋಣದ ಪ್ರಶ್ನೆ ಹೊಸದಲ್ಲ. ಪಂಪ ವ್ಯಾಸರ ಕಥೆಯನ್ನು ತೆಗೆದುಕೊಂಡ. ತನ್ನನ್ನು ಅವರಿಗೆ ಸರಿಸಮ ಎಂದುಕೊಳ್ಳದೆ ಋಣವನ್ನು ಕಾವ್ಯದಲ್ಲೇ ಒಪ್ಪಿಕೊಂಡ. ಹಾಗೆಂದು ಅವನ ಕಾವ್ಯವನ್ನು ನಕಲೆಂದು ಯಾರೂ ಓದುವುದಿಲ್ಲ. ಪೇಟೆಂಟಿನಲ್ಲೂ ಹಿಂದಿನ ವಿನ್ಯಾಸಗಳ ಪಟ್ಟಿಯೊಂದು ಇರುತ್ತದೆ, ಆದರೆ ಆ ಪುಟ ಜಾಹೀರಾತಿನಲ್ಲಿ ಬರುವುದಿಲ್ಲ. ದುಡಿದು ರೂಪಿಸಿದವರಿಗೆ ರಕ್ಷಣೆ ಬೇಕು, ನಿಜ. ಅದರ ಬೆಲೆಯನ್ನು ಕೊನೆಗೆ ತೆರುವವರು ನಾವಾದ್ದರಿಂದ, ಇಡೀ ಗೆರೆಯ ಜೊತೆಗೆ ಮುರಿದ ಗೆರೆಯನ್ನೂ ಓದುವುದು ನಮ್ಮ ಹಕ್ಕು.