ಉಳಿದವರ ಕಲ್ಲು

ನಾನು ಲೆಕ್ಕಪತ್ರದ ಮನುಷ್ಯ, ಶಿಲ್ಪಕಲೆ ಓದಿದವನಲ್ಲ. ಆದರೂ ಕಲೋನಿನಲ್ಲಿದ್ದುಕೊಂಡು ಕೇಥೆ ಕೋಲ್ವಿಟ್ಸ್ ಅವರ ‘ಶೋಕಿಸುವ ತಂದೆ–ತಾಯಿ’ಯ ಬಗ್ಗೆ ಸುಮ್ಮನಿರಲು ಆಗುತ್ತಿಲ್ಲ. ಮೂಲ ಶಿಲ್ಪ ಇರುವುದು ಬೆಲ್ಜಿಯಂನ ವ್ಲಾಡ್ಸ್ಲೋದಲ್ಲಿ, 25,000ಕ್ಕೂ ಹೆಚ್ಚು ಜರ್ಮನ್ ಸೈನಿಕರನ್ನು ಹೂತಿರುವ ಸ್ಮಶಾನದಲ್ಲಿ. ಅದರ ಪ್ರತಿಕೃತಿ ನಮ್ಮೂರಿನ ಹಳೆಯ ಸೇಂಟ್ ಆಲ್ಬನ್ ಚರ್ಚಿನ ಪಾಳುಗೋಡೆಗಳ ನಡುವೆ ಇದೆ.

ಕೇಥೆಯವರ ಕಿರಿಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಸತ್ತ. ಆಗ ಅವನಿಗೆ 18 ವರ್ಷ. ತಾನಾಗಿ ಸೇನೆ ಸೇರಲು ತಂದೆಯ ಒಪ್ಪಿಗೆ ಬೇಕಿತ್ತು. ತಂದೆ ಕಾರ್ಲ್‌ಗೆ ಮನಸ್ಸಿರಲಿಲ್ಲ. ಮಗನ ಪರ ನಿಂತು ಅವರನ್ನು ಒಪ್ಪಿಸಿದವರು ಕೇಥೆಯೇ. ಸ್ಮಾರಕದ ಯೋಚನೆ ಅದೇ ವರ್ಷ ಹುಟ್ಟಿತು. ನಡುವೆ ಕೆಲಸ ಕೈಬಿಟ್ಟು, ಮತ್ತೆ ಹಿಡಿದು, ಮುಗಿಸಿದ್ದು 1932ರಲ್ಲಿ. ಮಗ ಬದುಕಿದ್ದಷ್ಟೇ ವರ್ಷ ಶಿಲ್ಪಕ್ಕೂ ಹಿಡಿಯಿತು.

ಮೊದಲ ಕಲ್ಪನೆಯಲ್ಲಿ ಮಗನ ದೇಹವೂ ಇತ್ತು. ಕೊನೆಗೆ ಕೇಥೆ ಅದನ್ನು ತೆಗೆದುಹಾಕಿದರು. ಈ ಕೃತಿಯ ದೊಡ್ಡತನ ಇರುವುದು ಈ ತೆಗೆದುಹಾಕುವಿಕೆಯಲ್ಲೇ ಎಂದು ನನ್ನ ವಾದ.

ನಮ್ಮ ವೀರಗಲ್ಲುಗಳನ್ನು ನೆನೆಯಿರಿ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಸತ್ತವನು ಎಲ್ಲಿಗೆ ಹೋದ ಎಂಬುದಕ್ಕೆ ಉತ್ತರವಿದೆ. ಮನೆಯವರು ಎಲ್ಲಿ? ಹೆಂಡತಿ ಮಾಸ್ತಿಕಲ್ಲಿನಲ್ಲಿ ಕಾಣುತ್ತಾಳೆ, ಆದರೆ ತಾನೂ ಸತ್ತ ಮೇಲೆ. ಬದುಕಿ ಉಳಿದವರಿಗೆ ಸಿಗುವುದು ಶಾಸನದ ಒಂದು ಸಾಲು: ನೆತ್ತರುಗೊಡಗೆ, ಅಂದರೆ ಚೆಲ್ಲಿದ ರಕ್ತಕ್ಕಾಗಿ ಕೊಟ್ಟ ಭೂಮಿ. ಅದು ಚಿಕ್ಕ ಮಾತಲ್ಲ. ಮನೆ ನಡೆಯಬೇಕು, ಒಲೆ ಉರಿಯಬೇಕು ಎಂಬುದನ್ನು ಅಂದಿನವರು ಅರಿತಿದ್ದರು. ಆದರೆ ಉಳಿದವರು ಲೆಕ್ಕದಲ್ಲಿ ಬಂದರು, ಚಿತ್ರದಲ್ಲಿ ಬರಲಿಲ್ಲ.

ಕೋಲ್ವಿಟ್ಸ್ ಅವರನ್ನೇ ಕೆತ್ತಿಸಿದರು. ತಂದೆ ನೆಟ್ಟಗೆ ಮಂಡಿಯೂರಿ, ತನ್ನ ಎದೆಯನ್ನು ತಾನೇ ಬಿಗಿಯಾಗಿ ಅಪ್ಪಿಕೊಂಡಿದ್ದಾನೆ. ತಾಯಿ ಬಾಗಿ ಮುದುಡಿದ್ದಾಳೆ. ಇಬ್ಬರದೂ ಬೇರೆ ಬೇರೆ ಪೀಠ, ನಡುವೆ ಜಾಗ. ಒಬ್ಬರ ಕೈ ಇನ್ನೊಬ್ಬರನ್ನು ಮುಟ್ಟುವುದಿಲ್ಲ. ಒಂದೇ ಮನೆಯ ದುಃಖವಾದರೂ ಅದು ಜಂಟಿ ಖಾತೆಯಲ್ಲ. ಒಪ್ಪಿಗೆಯ ಕತೆ ತಿಳಿದ ಮೇಲಂತೂ ಆ ನಡುವಿನ ಜಾಗವನ್ನು ದಾಟುವುದು ನೋಡುವವರಿಗೂ ಕಷ್ಟ.

1993ರಲ್ಲಿ ಜರ್ಮನಿ ತನ್ನ ರಾಷ್ಟ್ರಸ್ಮಾರಕಕ್ಕೆ, ಬರ್ಲಿನ್ನಿನ ನೋಯ ವಾಖೆಗೆ, ಆರಿಸಿಕೊಂಡದ್ದು ಕೇಥೆಯವರ ಇನ್ನೊಂದು ಶಿಲ್ಪವನ್ನು: ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ತಾಯಿ. ಚಿಕ್ಕದಾಗಿದ್ದ ಅದನ್ನು ಹಲವು ಪಟ್ಟು ಹಿಗ್ಗಿಸಿ ಇಟ್ಟರು. ಅಲ್ಲಿ ತಂದೆ ಇಲ್ಲ, ಅಂತರವೂ ಇಲ್ಲ. ಕೊನೆಗೂ ಮಗ ಮಡಿಲಿಗೆ ಸಿಕ್ಕ ಎಂಬ ಸಮಾಧಾನ ಸರ್ಕಾರಗಳಿಗೆ ಬೇಕಾಗುತ್ತದೆ. ವ್ಲಾಡ್ಸ್ಲೋದ ಕಲ್ಲು ಅದನ್ನು ಕೊಡುವುದಿಲ್ಲ, ಆದ್ದರಿಂದಲೇ ನನಗೆ ಅದು ಹೆಚ್ಚು ನಿಜ.

ನಮ್ಮಲ್ಲೂ ಕಾರ್ಗಿಲ್ ದಿನಗಳಿಂದ ಈಚೆಗೆ, ಶವಪೆಟ್ಟಿಗೆ ಮನೆಗೆ ಬಂದ ದಿನವೇ ತಾಯಿಯ ಮುಂದೆ ಮೈಕು ಹಿಡಿಯುವ ರೂಢಿ ಬೆಳೆದಿದೆ. ಇನ್ನೊಬ್ಬ ಮಗನಿದ್ದರೆ ಅವನನ್ನೂ ಕಳಿಸುತ್ತೇನೆ ಎಂಬ ಮಾತಿಗಾಗಿ ನಾವು ಕಾಯುತ್ತೇವೆ. ಆಕೆ ಅಂದರೆ ವೀರಮಾತೆ. ಅನ್ನದಿದ್ದರೆ? ಕೇಥೆಯವರ ಮೊಮ್ಮಗನೂ ಪೀಟರ್, ಚಿಕ್ಕಪ್ಪನ ಹೆಸರಿನವನು. 1942ರಲ್ಲಿ ರಷ್ಯಾದ ರಣರಂಗದಲ್ಲಿ ಅವನೂ ಸತ್ತ. ಅಷ್ಟು ಹೊತ್ತಿಗೆ ಈ ತಂದೆ–ತಾಯಿ ಬೆಲ್ಜಿಯಂನಲ್ಲಿ ಮಂಡಿಯೂರಿ ಹತ್ತು ವರ್ಷವಾಗಿತ್ತು.