ಒಂದೇ ಕೊಡ, ಮೂವರ ಲೆಕ್ಕ

ಸಂಜೆ ಪ್ಯಾರೀಸ್ ಕಾರ್ನರಿನ ಅಂಗಡಿಗಳಲ್ಲಿ ದೀಪ ಹತ್ತುತ್ತದೆ. ಅದರ ಹೊಗೆ ಮಾತ್ರ ಇಲ್ಲಿ ಕಾಣುವುದಿಲ್ಲ. ಕಲ್ಲಿದ್ದಲು ಉರಿಯುವುದು ಉತ್ತರಕ್ಕೆ ಅತ್ತಿಪಟ್ಟಿನಂಥ ಕಡೆ. ಅದು ತಿರುವಳ್ಳೂರು ಜಿಲ್ಲೆ, ಪಾಲಿಕೆಯ ಎಲ್ಲೆಯ ಹೊರಗೆ. (ಹೊಗೆಯೆಂದರೆ ಇಲ್ಲಿ ಕಣ್ಣಿಗೆ ಕಾಣದ ಇಂಗಾಲದ ಡೈಆಕ್ಸೈಡ್ ಎಂದು ತಿಳಿಯಬೇಕು, ಬಿ.ಎಸ್ಸಿ. ಓದಿದ ಚಪಲ, ಹೇಳದಿರಲಾರೆ.) ಹಾಗಾದರೆ ಆ ಹೊಗೆ ಯಾರ ಲೆಕ್ಕಕ್ಕೆ?

ಚೆನ್ನೈ ಮಹಾನಗರ ಪಾಲಿಕೆ 2023ರಲ್ಲಿ ಹೊರತಂದ ಹವಾಮಾನ ಕ್ರಿಯಾ ಯೋಜನೆ ಇದಕ್ಕೆ ನೇರವಾದ ಉತ್ತರ ಕೊಡುತ್ತದೆ: ವಿದ್ಯುತ್ ಬಳಸಿದ ಊರೇ ಅದರ ಹೊಗೆಯನ್ನೂ ಹೊರಬೇಕು. ಮೆಚ್ಚತಕ್ಕ ಮಾತು. ದೇಶದ ಗಡುವು 2070 ಆಗಿರುವಾಗ ನಗರ 2050ನ್ನೇ ಗುರಿಯಾಗಿಟ್ಟುಕೊಂಡಿರುವುದೂ ಎದೆಗಾರಿಕೆಯೇ. ನನ್ನ ಆಕ್ಷೇಪಣೆ ಗುರಿಯ ಬಗ್ಗೆ ಅಲ್ಲ, ತಾಳೆಯ ಬಗ್ಗೆ.

ಹೈಕೋರ್ಟ್ ಮೆಟ್ರೋ ನಿಲ್ದಾಣ 2019ರಲ್ಲಿ ತೆರೆಯಿತು. ಸ್ಕೂಟರನ್ನು ಮನೆಯಲ್ಲೇ ಬಿಟ್ಟು ಮೆಟ್ರೋದಲ್ಲಿ ಬಂದ ನೌಕರನೊಬ್ಬ ಉಳಿಸಿದ ಪೆಟ್ರೋಲನ್ನು ಮೆಟ್ರೋ ಸಂಸ್ಥೆ ತನ್ನದೆನ್ನಬಹುದು. ಅದು ಕೇಂದ್ರ, ರಾಜ್ಯಗಳ ಸಮಪಾಲಿನ ಸಂಸ್ಥೆ. ನಗರದ ಸಾಧನೆಯೆಂದು ಪಾಲಿಕೆ ಬರೆದುಕೊಳ್ಳಬಹುದು. ಅವನ ಕಂಪೆನಿಯೂ 'ನಮ್ಮ ನೌಕರರ ಪ್ರಯಾಣ' ಎಂದು ವರದಿಯಲ್ಲಿ ಸೇರಿಸಬಹುದು. ಬೇರೆ ಬೇರೆಯಾಗಿ ಓದಿದರೆ ಮೂರೂ ಸರಿ. ಕೂಡಿದರೆ ಮಾತ್ರ, ಲಾರಿಯಿಂದ ಹಿಡಿದ ಒಂದೇ ಕೊಡ ನೀರನ್ನು ಮನೆಯ ಮೂವರೂ 'ನಾನು ತಂದೆ' ಎಂದಂತೆ. ನೀರಿನ ಲಾರಿಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಳತೆಗೋಲುಗಳೂ ಬೇರೆ ಬೇರೆ. ಭಾರತ 2022ರಲ್ಲಿ ಕೊಟ್ಟ ಮಾತು ಟನ್ನುಗಳ ಮಾತಲ್ಲ. ಒಂದು ರೂಪಾಯಿಯ ಉತ್ಪನ್ನಕ್ಕೆ ಹೊರಡುವ ಹೊಗೆಯನ್ನು 2030ರೊಳಗೆ 2005ಕ್ಕಿಂತ ಶೇಕಡಾ 45ರಷ್ಟು ಇಳಿಸುವ ಮಾತು. ನಗರ ಲೆಕ್ಕ ಹಾಕುವುದು ಟನ್ನಿನಲ್ಲಿ. ಸೆಬಿ ಆಜ್ಞೆಯಂತೆ 2022-23ರಿಂದ ಮೊದಲ ಸಾವಿರ ಷೇರು ಕಂಪೆನಿಗಳು ವರದಿ ಕೊಡುತ್ತಿವೆ. ಅಲ್ಲಿ ಟನ್ನೂ ಉಂಟು, ವಹಿವಾಟಿನ ರೂಪಾಯಿಗೆ ಇಷ್ಟೆಂಬ ಲೆಕ್ಕವೂ ಉಂಟು. ವ್ಯಾಪಾರ ಬೆಳೆದರೆ ಈ ಎರಡನೆಯದು ಇಳಿದು, ಹೊಗೆ ಏರಿರಲೂ ಸಾಕು. ಇನ್ನು, ರಾಜ್ಯದ ಗಾಳಿಯಂತ್ರಗಳಿಂದ ವಿದ್ಯುತ್ತೇ ಶುದ್ಧವಾದರೆ ಪಾಲಿಕೆಯ ಅಂಕಿ ತಾನಾಗಿ ಇಳಿಯುತ್ತದೆ. ಆ ಇಳಿಕೆಯಲ್ಲಿ ಪಾಲಿಕೆಯ ದುಡಿಮೆ ಎಷ್ಟು?

ಎಲ್ಲೆಯೂ ನಿಲ್ಲುವುದಿಲ್ಲ. 2011ರಲ್ಲಿ ಚೆನ್ನೈ 174ರಿಂದ 426 ಚದರ ಕಿಲೋಮೀಟರಿಗೆ ಹಿಗ್ಗಿತು. ನಮ್ಮ ಬೆಂಗಳೂರಿನ ಕಥೆ ಇನ್ನೂ ಸ್ವಾರಸ್ಯ: 2023ರ ನವೆಂಬರಿನಲ್ಲಿ ಇಂಥದೇ ಯೋಜನೆ ಹೊರತಂದ ಬೃಹತ್ ಪಾಲಿಕೆ 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಹಳೆಯ ಮಾತಿನಲ್ಲಿ ಯಾರ ಪಾಲು ಎಷ್ಟು?

2015ರ ನೆರೆಯನ್ನೂ 2023ರ ಮಿಚಾಂಗ್ ಚಂಡಮಾರುತವನ್ನೂ ಕಂಡ ನಮ್ಮ ಮನೆಗಳಿಗೆ ಇದು ಒಣ ಲೆಕ್ಕವಲ್ಲ. ಮೂರು ಸಲ ಜಮಾ ಆದ ಉಳಿತಾಯ ಕೊರತೆಯನ್ನು ಮುಚ್ಚಿಬಿಡುತ್ತದೆ. ಮುಂದಿನ ಪರಿಷ್ಕರಣದಲ್ಲಿ ಒಂದು ಕಲಂ ಹೆಚ್ಚಿಸಲಿ: 'ಈ ಉಳಿತಾಯವನ್ನು ಬೇರೆ ಯಾರು ತೋರಿಸಿದ್ದಾರೆ?' ನಮ್ಮಂಥ ಗುಮಾಸ್ತರು ಸಣ್ಣ ಬಿಲ್ಲಿನ ಕೆಳಗೂ 'ಈ ಮೊತ್ತವನ್ನು ಬೇರೆಡೆ ಪಡೆದಿಲ್ಲ' ಎಂದು ಬರೆದು ರುಜು ಹಾಕುತ್ತೇವೆ.