ಹತ್ತು ರೂಪಾಯಿ ನೋಟಿನ ಓಟಿಪಿ

ಅಹಮದಾಬಾದಿನ ರತನ್‌ಪೋಳದಲ್ಲಿ, ಸೂರತ್ತಿನ ವಜ್ರದ ಪೇಟೆ ಮಹಿಧರಪುರದಲ್ಲಿ ಆಂಗಡಿಯಾಗಳ ಪೇಢಿಗಳಿವೆ, ಎಂದರೆ ವ್ಯವಹಾರದ ಕಚೇರಿಗಳು. ಹೆಸರು ಕೇಳಿದರೆ ನಮಗೆ ಅಂಗಡಿ ನೆನಪಾಗುತ್ತದೆ. ಆದರೆ ಆಂಗಡಿಯಾ ಎಂದರೆ ವಜ್ರದ ಪೊಟ್ಟಣ, ದುಡ್ಡು, ಕಾಗದಪತ್ರಗಳನ್ನು ಬರೀ ನಂಬಿಕೆಯ ಮೇಲೆ ಊರಿಂದೂರಿಗೆ ಮುಟ್ಟಿಸುವವನು.

ಸೂರತ್ತಿನಲ್ಲಿ ಕಟ್ಟಿದ ಹಣ ಅಹಮದಾಬಾದಿನಲ್ಲಿ ಸರಿಯಾದ ಕೈಗೇ ಸೇರಬೇಕಲ್ಲ? ಪಡೆಯುವವನು ತನ್ನ ಜೇಬಿನ ಹತ್ತು ರೂಪಾಯಿ ನೋಟೊಂದರ ನಂಬರನ್ನು ಕಳಿಸುವವನಿಗೆ ಹೇಳುತ್ತಾನೆ. ಅದು ಈ ಪೇಢಿಯಿಂದ ಆ ಪೇಢಿಗೆ ಹೋಗುತ್ತದೆ. ಅದೇ ನೋಟನ್ನು ತಂದವನಿಗೆ ಹಣ. ಕೊಟ್ಟ ಮೇಲೆ ನೋಟು ಪೇಢಿಯಲ್ಲೇ ಉಳಿಯುತ್ತದೆ, ಅದೇ ರಸೀದಿ. ಇದೇ ಹಾದಿಯಲ್ಲಿ ಹವಾಲಾ ದುಡ್ಡೂ ಓಡಾಡುತ್ತದೆ, ಪೊಲೀಸರೂ ಬಾಗಿಲು ತಟ್ಟುತ್ತಾರೆ; ಆ ಮಾತು ಬೇರೆ. ನನಗೆ ರುಚಿಸುವುದು ನೋಟನ್ನು ಎಳೆದು ಗಲ್ಲಾಕ್ಕೆ ಹಾಕಿಕೊಳ್ಳುವ ಆ ಕೊನೆಯ ಗಳಿಗೆ. ಒಮ್ಮೆ ಬಳಸಿದರೆ ಸತ್ತುಹೋಗುವ ಪಾಸ್‌ವರ್ಡಿನ ಗಣಿತವನ್ನು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1981ರಲ್ಲಿ ಪ್ರಕಟಿಸಿದರು. ಅದರ ಸಾರವೆಲ್ಲ ಈ ಗಲ್ಲಾದಲ್ಲಿದೆ.

ಈ ಗಲ್ಲಾ ನನ್ನ ಕೆಲಸಕ್ಕೂ ಬಂತು. ವಡೋದರಾದ ಒಂದಷ್ಟು ಕನ್ನಡ ಕುಟುಂಬಗಳಿಗೆ ಪುಟ್ಟ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಯುಗಾದಿ ಊಟಕ್ಕೆ ಹೆಸರು ಬರೆಸುವುದು, ವಂತಿಗೆ ಕಟ್ಟುವುದು, ಅಷ್ಟೇ. ವರ್ಷಕ್ಕೆರಡು ಸಲ ತೆರೆಯುವ ಸೈಟಿನ ಪಾಸ್‌ವರ್ಡ್ ಯಾರಿಗೆ ನೆನಪಿರುತ್ತದೆ? ಅದನ್ನು ಕಿತ್ತುಹಾಕಿ, ಲಾಗಿನ್‌ಗೆ ಇಮೇಲಿನಲ್ಲಿ ಓಟಿಪಿ ಕಳಿಸೋಣವೆಂದು ಕೂತೆ. ಎಸ್ಸೆಮ್ಮೆಸ್ ಯಾಕಲ್ಲ ಎಂದರೆ, ಅದಕ್ಕೆ ಟೆಲಿಕಾಂ ಕಂಪನಿಗಳಲ್ಲಿ ಡಿಎಲ್‌ಟಿ ನೋಂದಣಿ ಬೇಕು, ಸಂದೇಶದ ನಮೂನೆಗೂ ಒಪ್ಪಿಗೆ ಬೇಕು. 2021ರ ಮಾರ್ಚ್ 8ರಂದು ಒಪ್ಪಿಗೆಯಿಲ್ಲದ ಸಂದೇಶ ಸೋಸುವ ಆ ಜರಡಿ ಬಿಗಿಯಾದಾಗ ಬ್ಯಾಂಕುಗಳ ಓಟಿಪಿಗಳೇ ಸಿಕ್ಕಿಬಿದ್ದು, ದೂರಸಂಪರ್ಕ ನಿಯಂತ್ರಕ ಟ್ರಾಯ್ ಅದನ್ನು ಒಂದು ವಾರ ತಡೆಹಿಡಿಯಬೇಕಾಯಿತು. ಊಟದ ಪಟ್ಟಿಗೆ ಅಷ್ಟೆಲ್ಲ ಯಾಕೆ?

ಮೊದಲ ದಿನವೇ ಹೋಟೆಲ್ ನಡೆಸುವ ಹಿರಿಯರೊಬ್ಬರ ಫೋನು. "ಆರು ಮನೆ ಮಾಡಿಟ್ಟಿದ್ದೀಯ, ನಾಲ್ಕೇ ಅಂಕಿ ಬಂದಿದೆಯಲ್ಲ ಮಾರಾಯ!" ನೋಡಿದರೆ ತಪ್ಪು ನನ್ನದೇ. ಕೋಡನ್ನು ಸಂಖ್ಯೆ ಎಂದುಕೊಂಡು ಉಳಿಸಿದ್ದೆ. 004219 ಹೋಗಿ 4219 ಆಗಿತ್ತು. ಹತ್ತರಲ್ಲೊಂದು ಕೋಡು ಸೊನ್ನೆಯಿಂದಲೇ ಶುರುವಾಗುತ್ತದೆ. ಜೇಬಿನಿಂದ ಒಂದು ನೋಟು ತೆಗೆದು ನೋಡಿ: ಮೊದಲ ಮೂರು ಅಕ್ಷರ-ಅಂಕಿಗಳ ನಂತರ ಸರಿಯಾಗಿ ಆರು ಅಂಕಿ, ಎಡಗಡೆ ಸೊನ್ನೆಯಿದ್ದರೆ ಅದೂ ಅಚ್ಚಾಗಿರುತ್ತದೆ. ನೋಟಿನ ನಂಬರನ್ನು ಯಾರೂ ಕೂಡಿ ಕಳೆಯುವುದಿಲ್ಲ. ಕೋಡೂ ಹಾಗೆಯೇ, ಅಕ್ಷರಗಳ ಸಾಲು.

ಆರು ಅಂಕಿ ಎಂದರೆ ಹತ್ತು ಲಕ್ಷ ಸಾಧ್ಯತೆ. ಐದು ಸಲ ತಪ್ಪಿದರೆ ಕೋಡು ರದ್ದು ಎಂದರೆ ಕಳ್ಳನಿಗೆ ಎರಡು ಲಕ್ಷದಲ್ಲೊಂದು ಅವಕಾಶ. ಆದರೆ "ಮತ್ತೆ ಕಳಿಸಿ" ಗುಂಡಿಗೂ ಲೆಕ್ಕವಿಡಬೇಕು, ಇಲ್ಲದಿದ್ದರೆ ಪ್ರತಿ ಹೊಸ ಕೋಡಿಗೂ ಐದು ಹೊಸ ಪ್ರಯತ್ನ ಅವನ ಪಾಲಾಗುತ್ತದೆ. ಕೋಡನ್ನು ಡೇಟಾಬೇಸಿನಲ್ಲಿ ಬರಿದೇ ಹ್ಯಾಶ್ ಮಾಡಿ, ಎಂದರೆ ಹಿಂದಿರುಗಿಸಲಾಗದಂತೆ ಕಲಸಿ, ಇಟ್ಟರೂ ಸಾಲದು. ಹತ್ತು ಲಕ್ಷವನ್ನೂ ಹ್ಯಾಶ್ ಮಾಡಿ ಹೋಲಿಸಲು ಕಂಪ್ಯೂಟರಿಗೆ ಎಷ್ಟು ಹೊತ್ತು? ಸರ್ವರಿನ ಗುಟ್ಟಿನ ಕೀಲಿ ಸೇರಿಸಿ ಎಚ್‌ಮ್ಯಾಕ್ ಮಾಡಿದೆ. ಕೋಡಿನ ಬದಲು ಲಿಂಕ್ ಕಳಿಸಬಹುದಿತ್ತು, ಆದರೆ ಕಂಪನಿಗಳ ಮೇಲ್ ತಪಾಸಣೆ ಯಂತ್ರ ಲಿಂಕನ್ನು ತಾನೇ ಮೊದಲು ತೆರೆದು ಎಂಜಲು ಮಾಡಿಬಿಡುತ್ತದೆ.

ಇನ್ನು ಗಲ್ಲಾ. ಕೋಡು ಸರಿಯೇ ಎಂದು ಒಂದು ಸಾಲಿನಲ್ಲಿ ನೋಡಿ, ಬಳಕೆಯಾಯಿತು ಎಂದು ಮುಂದಿನ ಸಾಲಿನಲ್ಲಿ ಬರೆದಿದ್ದೆ. ಆ ಎರಡು ಸಾಲುಗಳ ನಡುವೆ ಅದೇ ಕೋಡು ಹಿಡಿದು ಇನ್ನೊಬ್ಬ ನುಗ್ಗಬಹುದು. ನೋಟನ್ನು ಕೈಗೆ ತೆಗೆದುಕೊಳ್ಳದೆ ಬರೀ ಕಣ್ಣಾಡಿಸಿ ಹಣ ಎಣಿಸಿದಂತೆ. ಈಗ ಒಂದೇ ಅಪ್‌ಡೇಟ್: ಕೋಡು ಸರಿಯಿದ್ದು, ಬಳಕೆಯಾಗಿಲ್ಲದಿದ್ದರೆ, ಅವಧಿ ಮೀರಿಲ್ಲದಿದ್ದರೆ ಮಾತ್ರ ಗುರುತು ಹಾಕು. ಒಂದು ದಾಖಲೆ ಬದಲಾಯಿತು ಎಂದು ಡೇಟಾಬೇಸ್ ಹೇಳಿದರೆ ಬಾಗಿಲು ತೆರೆ, ಸೊನ್ನೆ ಎಂದರೆ ಇಲ್ಲ.

ಇಷ್ಟಾದರೂ ಆಂಗಡಿಯಾನೇ ಒಂದು ಕೈ ಮೇಲು. ಅಲ್ಲಿ ನಂಬರು ಗೊತ್ತಿದ್ದರೆ ಸಾಲದು, ನೋಟೇ ಕೈಯಲ್ಲಿರಬೇಕು. ಇಮೇಲ್ ಕೋಡು ಯಾರ ಬಾಯಲ್ಲಿದ್ದರೂ ಓಡುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ತನ್ನ ನಿಯಮಗಳಲ್ಲಿ ಈ ಕೆಲಸಕ್ಕೆ ಇಮೇಲ್ ಕೂಡದು ಎಂದಿತು. ಹೋಳಿಗೆ ಊಟಕ್ಕೆ ಧಾರಾಳ ಸಾಕು, ಬ್ಯಾಂಕಿಗೆ ನಾನಂತೂ ಇಡಲಾರೆ.

ಹಿರಿಯರಿಗಾಗಿ ಇಮೇಲಿನ ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ಎಚ್ಚರಿಕೆ ಹಾಕಿದೆ. ಮರುದಿನ ಮತ್ತೆ ಫೋನು. "ಕೋಡು ಬಂತು, ಬರ್ಕೊ." ಬೇಡ ಮಾಮ, ಹೇಳಬೇಡಿ ಎನ್ನುವಷ್ಟರಲ್ಲಿ ಕನ್ನಡಕ ಏರಿಸಿ ಮೇಲಿನಿಂದ ಶುರುಮಾಡಿಯಾಗಿತ್ತು: "ಈ ಕೋಡನ್ನು ಯಾರಿಗೂ ಹೇಳಬೇಡಿ. ಎಂಟು, ಸೊನ್ನೆ, ಮೂರು..."